ಕೂದಲಿನ ಮಾತ್ರೆ ನುಂಗ್ತಿದ್ದೀರಾ? ಥೈರಾಯ್ಡ್ ಟೆಸ್ಟ್‌ಗೆ ಹೋಗೋ ಮುಂಚೆ ಇದನ್ನು ಓದಿ

ಕೋಲಾರದಲ್ಲಿ ಕೂದಲು ಉದುರುವುದಕ್ಕೆ 'ಪೂರ್ತಿ ನ್ಯಾಚುರಲ್' ಚಿಕಿತ್ಸೆ ಅಂತ ಬೋರ್ಡು ಹಾಕಿಕೊಂಡ ಒಂದು ಅಂಗಡಿಯಿಂದ ನಮ್ಮ ಅಕ್ಕನಿಗೆ ಆದ ಪಾಡು ಇದು.

ಮಳೆಗಾಲದಲ್ಲಿ ಅಕ್ಕನಿಗೆ ಡೆಂಗಿ ಬಂದಿತ್ತು. ಜ್ವರ ಬಿಟ್ಟು ಎರಡು-ಮೂರು ತಿಂಗಳಿಗೆ ಕೂದಲು ಉದುರೋಕೆ ಶುರುವಾಯಿತು. ಬಾಚಣಿಗೆ ತುಂಬ ಕೂದಲು, ಬಚ್ಚಲ ಜಾಲರಿ ತುಂಬ ಕೂದಲು. ಜೋರು ಜ್ವರ, ಹೆರಿಗೆ, ಆಪರೇಷನ್ ಆದಮೇಲೆ ಹೀಗಾಗುವುದು ಉಂಟು. ಬಹಳ ಜನಕ್ಕೆ ಆರು ತಿಂಗಳೊಳಗೆ ತಾನಾಗೇ ಕಡಿಮೆಯಾಗುತ್ತದೆ. ಇಂಥ ಅಂಗಡಿಗಳ ವ್ಯಾಪಾರ ನಿಂತಿರೋದೇ ಇದರ ಮೇಲೆ ಅಲ್ವಾ? ಉದುರೋದು ನಿಂತರೆ 'ನಮ್ಮ ಎಣ್ಣೆಯಿಂದ', ನಿಲ್ಲದಿದ್ದರೆ 'ಇನ್ನೊಂದು ಬಾಟಲಿ ತಗೊಳ್ಳಿ'.

ಅಕ್ಕನಿಗೆ ಒಂದು ಎಣ್ಣೆ, ಈರುಳ್ಳಿ-ಬೆಳ್ಳುಳ್ಳಿ ಲೇಪ, ಒಂದು ಡಬ್ಬಿ ಮಾತ್ರೆ ಕೊಟ್ಟರು. ಲೇಪ ಹಚ್ಚಿದ ರಾತ್ರಿಯೇ ಕಿವಿ ಹಿಂದೆ ಕೆಂಪಗೆ ಬೊಬ್ಬೆ ಎದ್ದವು. ಫೋನ್ ಮಾಡಿದರೆ, 'ಉರಿ ಇದ್ರೆ ಬೇರಿಗೆ ಇಳೀತಿದೆ ಅಂತ ಕಣಮ್ಮಾ, ತಡ್ಕೊಳ್ಳಿ' ಅಂದರು. ಹಸಿ ಬೆಳ್ಳುಳ್ಳಿ ಚರ್ಮ ಸುಡುತ್ತೆ, ಅಷ್ಟೇ.

ಬೊಬ್ಬೆ ಮಾಯಿತು. ನಿಜವಾದ ತೊಂದರೆ ಕೊಟ್ಟಿದ್ದು ಮಾತ್ರೆ. ಚರ್ಮದ ಡಾಕ್ಟರು ಬರೆಸಿದ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ತೀರಾ ಕಡಿಮೆ, ಟಿ4 (ಥೈರಾಯ್ಡ್ ಸುರಿಸುವ ಹಾರ್ಮೋನ್) ಜಾಸ್ತಿ ಬಂತು. ಥೈರಾಯ್ಡ್ ವಿಪರೀತ ಕೆಲಸ ಮಾಡ್ತಿದೆ ಅನ್ನೋ ಲೆಕ್ಕ. ಮನೆಯವರೆಲ್ಲ ಗಾಬರಿ. ಆದರೆ ಅಕ್ಕನಿಗೆ ಎದೆ ಬಡಿತ ಇಲ್ಲ, ಕೈ ನಡುಕ ಇಲ್ಲ, ತೂಕವೂ ಇಳಿದಿಲ್ಲ. ಡಾಕ್ಟರಿಗೆ ಅನುಮಾನ ಬಂದು, 'ಬೇರೆ ಏನು ಮಾತ್ರೆ ತಗೋತಿದ್ದೀರಮ್ಮಾ?' ಅಂತ ಕೇಳಿದರು. ಡಬ್ಬಿಯ ಮುಂದೆ ಭೃಂಗರಾಜ, ನೆಲ್ಲಿಕಾಯಿ ಚಿತ್ರ. ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ 'ಬಯೋಟಿನ್ 10 ಮಿ.ಗ್ರಾಂ.'

ಬಯೋಟಿನ್ ಅಂದರೆ ಒಂದು ಬಿ ವಿಟಮಿನ್. ದೊಡ್ಡವರಿಗೆ ದಿನಕ್ಕೆ ಬೇಕಾಗೋದು ಸುಮಾರು 30 ಮೈಕ್ರೋಗ್ರಾಂ. ಕಡಲೆಕಾಯಿ, ಮೊಟ್ಟೆ ತಿನ್ನೋರಿಗೆ ಅದರ ಕೊರತೆ ಬರೋದೇ ಅಪರೂಪ. ಅಂಗಡಿಯವರು ಕೊಟ್ಟಿದ್ದು 10,000 ಮೈಕ್ರೋಗ್ರಾಂ, ಅದರ ಮುನ್ನೂರು ಪಟ್ಟಿಗಿಂತ ಜಾಸ್ತಿ! ಕೆಲವು ಲ್ಯಾಬ್ ಮೆಷಿನ್‌ಗಳಲ್ಲಿ ಪರೀಕ್ಷೆ ನಡೆಯೋದೇ ಬಯೋಟಿನ್ ಬಳಸಿ. ರಕ್ತದಲ್ಲೂ ಅದೇ ತುಂಬಿದ್ದರೆ ಲೆಕ್ಕ ತಪ್ಪುತ್ತದೆ. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಹೀಗೆ ದಾರಿ ತಪ್ಪಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ.

ಮಾತ್ರೆ ಬಿಡಿಸಿ, ಕೆಲವು ದಿನ ಬಿಟ್ಟು ಮತ್ತೆ ರಕ್ತ ಕೊಡಿಸಿದರು. ಥೈರಾಯ್ಡ್ ಸರಿಯಾಗೇ ಇತ್ತು. ಕಡಿಮೆ ಇದ್ದದ್ದು ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ. ಅದಕ್ಕೆ ಮಾತ್ರೆ ಬರೆದು, ಊಟ ಆದ ತಕ್ಷಣ ಟೀ ಕುಡಿಯಬೇಡಿ, ಟೀ ಕಬ್ಬಿಣವನ್ನು ಮೈಗೆ ಹತ್ತೋಕೆ ಬಿಡಲ್ಲ ಅಂದರು. ಮುದ್ದೆ, ನುಗ್ಗೆಸೊಪ್ಪಿನ ಸಾರು ನಮ್ಮ ಮನೆಯಲ್ಲಿ ಇದ್ದೇ ಇರುತ್ತೆ. ಈಗ ಜೊತೆಗೆ ನಿಂಬೆಹಣ್ಣು ಹಿಂಡಿಕೊಳ್ತಾಳೆ, ಟೀ ಆಮೇಲೆ.

ಆ ಎಣ್ಣೆ ಬಾಟಲಿಯಲ್ಲಿ ಬ್ಯಾಚ್ ನಂಬರ್ ಇಲ್ಲ, ತಯಾರಿಕೆ ಲೈಸೆನ್ಸ್ ನಂಬರೂ ಇಲ್ಲ. ಬಿಲ್ ಕೇಳಿದ್ದಕ್ಕೆ ಬಿಳಿ ಚೀಟಿ ಕೊಟ್ಟರು. ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಹಿಂದುಗಡೆ ತಿರುಗಿಸಿ ನೋಡಿ. ಬಯೋಟಿನ್ ಅಂತ ಇದ್ದರೆ, ರಕ್ತ ಕೊಡೋ ಮುಂಚೆ ಡಬ್ಬಿಯನ್ನೇ ತಗೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಅವರು ಹೇಳ್ತಾರೆ.