ಕೆಲಸ ಕಡಿಮೆಯಾದ ಕಾಲದಲ್ಲಿ ಆಸ್ಟ್ರೇಲಿಯಾವೋ, ಬ್ರಿಟನ್ನೋ?

ಚಿಕ್ಕಬಳ್ಳಾಪುರದ ಪದವೀಧರರಿಗೆ, ಉದ್ಯೋಗದಾತರ ಪತ್ರವಿಲ್ಲದೆ ಹೋಗಿ ದುಡಿಯಲು ಎರಡು ವೀಸಾಗಳಿವೆ: ಬ್ರಿಟನ್ನಿನ ‘ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್’, ಆಸ್ಟ್ರೇಲಿಯಾದ ‘ವರ್ಕ್ ಅಂಡ್ ಹಾಲಿಡೇ’ (ಸಂಖ್ಯೆ 462). ಎರಡಕ್ಕೂ ವಯಸ್ಸು 18ರಿಂದ 30, ಎರಡಕ್ಕೂ ಲಾಟರಿ. ಆಯ್ಕೆ ಮಾಡಿಸಿಕೊಡುತ್ತೇನೆನ್ನುವ ಏಜೆಂಟರಿಗೆ ದಯವಿಟ್ಟು ಹಣ ಕೊಡಬೇಡಿ.

ಬ್ರಿಟನ್ನಿನಲ್ಲಿ 2 ವರ್ಷ ಇರಬಹುದು, ಲಾಟರಿ ಉಚಿತ. ಆದರೆ ಖಾತೆಯಲ್ಲಿ 2,530 ಪೌಂಡ್ ಸತತ 28 ದಿನ ಇರಬೇಕು. ಒಂದು ದಿನ ಕಡಿಮೆಯಾದರೂ ಅರ್ಜಿ ತಿರಸ್ಕೃತವಾಗಬಹುದು. ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡ್, ಎರಡೂ ವರ್ಷದ್ದು ಮುಂಗಡ. ಕ್ಷಯ ಪರೀಕ್ಷೆಯೂ ಬೇಕು. 2025ರ ಏಪ್ರಿಲ್‌ನಿಂದ ಮಾಲೀಕರು ನೌಕರರ ಸಂಬಳದ ಮೇಲೆ ಸರ್ಕಾರಕ್ಕೆ ಕಟ್ಟುವ ವಿಮೆ ವಂತಿಗೆ 15%ಕ್ಕೆ ಏರಿದೆ. ಹಾಗಾಗಿ ಹೋಟೆಲು, ಅಂಗಡಿಗಳಿಗೆ ಅರೆಕಾಲಿಕ ಆಳು ಇಟ್ಟುಕೊಳ್ಳುವುದು ದುಬಾರಿ.

ಆಸ್ಟ್ರೇಲಿಯಾದ 462 ವೀಸಾ 12 ತಿಂಗಳದ್ದು. ಭಾರತೀಯರಿಗೆ 2024ರಲ್ಲಿ ತೆರೆದಾಗ ಇದ್ದದ್ದು 1,000 ಜಾಗ. ಲಾಟರಿಗೆ 25 ಆಸ್ಟ್ರೇಲಿಯನ್ ಡಾಲರ್, ಕೈಯಲ್ಲಿ ಸುಮಾರು 5,000 ಡಾಲರ್ ತೋರಿಸಬೇಕು. ಸಾಮಾನ್ಯವಾಗಿ ಒಬ್ಬ ಮಾಲೀಕನ ಬಳಿ 6 ತಿಂಗಳಷ್ಟೇ ಕೆಲಸ, ಮೊದಲ ಡಾಲರಿನಿಂದಲೇ 15% ತೆರಿಗೆ. ಆರ್ಥಿಕ ಹಿಂಜರಿತದಲ್ಲಿ ಕಚೇರಿ ಕೆಲಸ ನಿಂತರೂ ಹಣ್ಣು ಕಾಯುವುದಿಲ್ಲ, ಕೊಯ್ಯಲೇಬೇಕು. ನಮ್ಮೂರಿನ ದ್ರಾಕ್ಷಿ ತೋಟದಲ್ಲಿ ಚಾಟನಿ ಕಲಿತವರಿಗೆ ಜೂನ್‌–ಆಗಸ್ಟ್ ಅಲ್ಲಿ ಬಳ್ಳಿ ಸವರುವ ಕಾಲ. ತೂಕದ ಲೆಕ್ಕದಲ್ಲಿ ಕೂಲಿ ಕೊಟ್ಟರೂ 2022ರಿಂದ ಗಂಟೆಯ ಕನಿಷ್ಠ ಕೂಲಿ ಖಾತರಿಯಿದೆ. ಪೇಸ್ಲಿಪ್ ಬಿಡದೆ ಕೇಳಿ. ನಿಗದಿತ ಪ್ರದೇಶದಲ್ಲಿ 3 ತಿಂಗಳು ಇಂಥ ಕೆಲಸ ಮಾಡಿದ್ದಕ್ಕೆ ಪೇಸ್ಲಿಪ್ಪೇ ಪುರಾವೆ, ಅದಿದ್ದರೆ ಎರಡನೇ ವರ್ಷದ ವೀಸಾಕ್ಕೆ ಅರ್ಜಿ ಹಾಕಬಹುದು.

ಕೈಯಲ್ಲಿ ಅನುಭವವಿರುವ ವೃತ್ತಿ, ಆರು ತಿಂಗಳ ಖರ್ಚಿಗೆ ಹಣ ಎರಡೂ ಇದ್ದರೆ ಬ್ರಿಟನ್. ಮೈ ಬಗ್ಗಿಸಿ ದುಡಿಯುವವರಿಗೆ ನಮ್ಮ ಸಲಹೆ ಆಸ್ಟ್ರೇಲಿಯಾ.