ಬಿ2 ಆರ್‌ಎನ್‌ಎಗೆ ಟ್ರೈಜಾಲ್: ಐದಕ್ಕೆ ನಾಲ್ಕು

ಇಲಿಯ ಜೀವಕೋಶದಲ್ಲಿ ಬಿ2 ಎಂಬ ಪುನರಾವರ್ತಿತ ಡಿಎನ್‌ಎಯಿಂದ ಪಾಲಿಮರೇಸ್ 3 ಎಂಬ ಕಿಣ್ವ ಬರೆಯುವ ಆರ್‌ಎನ್‌ಎ ಸುಮಾರು 200 ನ್ಯೂಕ್ಲಿಯೋಟೈಡ್ ಉದ್ದ. ಆರ್‌ಎನ್‌ಎ ಶುದ್ಧಗೊಳಿಸುವ ಮಾಮೂಲಿ ಸಿಲಿಕಾ ಕಾಲಮ್ ಕಿಟ್‌ಗಳು ಕೈಬಿಡುವುದೂ 200ಕ್ಕಿಂತ ಚಿಕ್ಕವನ್ನೇ. ಹಾಗಾಗಿ ಕಾಲಮ್‌ನಲ್ಲಿ ಬಿ2 ಕಡಿಮೆ ಬಂದರೆ ಕೋಶದಲ್ಲೇ ಇರಲಿಲ್ಲವೋ, ತೊಳೆಯುವಾಗ ಹೋಯಿತೋ ಹೇಳಲಾಗದು. ಕೋಶ ಒಡೆದು ಆರ್‌ಎನ್‌ಎ ಬೇರ್ಪಡಿಸುವ ಫೀನಾಲ್-ಗ್ವಾನಿಡಿನ್ ದ್ರಾವಣವಾದ ಟ್ರೈಜಾಲ್‌ನಲ್ಲಿ ಈ ತಕರಾರಿಲ್ಲ; ಐಸೊಪ್ರೊಪನಾಲ್ ಹಾಕಿದಾಗ ದೊಡ್ಡದು ಚಿಕ್ಕದು ಎಲ್ಲ ಒಟ್ಟಿಗೇ ತಳ ಸೇರುತ್ತವೆ.

ಕೋಶ ಬೆಳೆಸಿದ 10 ಚದರ ಸೆಂ.ಮೀ. ತಟ್ಟೆಗೆ 1 ಮಿ.ಲೀ. ಟ್ರೈಜಾಲ್ ಬೇಕು. ದುಬಾರಿ ಎಂದು ಇದರಲ್ಲಿ ಜಿಪುಣತನ ಮಾಡಿದರೆ ಡಿಎನ್‌ಎ ನೀರಿನ ಪದರಕ್ಕೆ ನುಸುಳುತ್ತದೆ. 5 ನಿಮಿಷ ಬಿಟ್ಟು 0.2 ಮಿ.ಲೀ. ಕ್ಲೋರೋಫಾರ್ಮ್ ಸೇರಿಸಿ, ಚೆನ್ನಾಗಿ ಕುಲುಕಿ, 4 ಡಿಗ್ರಿಯಲ್ಲಿ 12,000 ಜಿಗೆ (ಗುರುತ್ವದ 12,000 ಪಟ್ಟು ಬಲಕ್ಕೆ) 15 ನಿಮಿಷ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ. ಕೆಳಗೆ ಗುಲಾಬಿ, ನಡುವೆ ಹಾಲಿನ ಕೆನೆಯಂಥ ಬಿಳಿ ಪೊರೆ, ಮೇಲೆ ತಿಳಿನೀರು. ಟ್ಯೂಬನ್ನು ಓರೆಯಾಗಿ ಹಿಡಿದು ತಿಳಿಯನ್ನಷ್ಟೇ ಎಳೆಯಿರಿ. ಪೊರೆಯ ಮೇಲಿನ ಕೊನೆಯ 100 ಮೈಕ್ರೋಲೀಟರ್ ಅಲ್ಲೇ ಇರಲಿ. ಡಿಎನ್‌ಎ ಇರುವುದು ಆ ಪೊರೆಯಲ್ಲೇ. ಇಲಿಯ ಜೀನೋಮ್‌ನಲ್ಲಿ ಬಿ2 ಪ್ರತಿಗಳು ಮೂರು ಲಕ್ಷಕ್ಕೂ ಹೆಚ್ಚು. ಬೇರೆ ಜೀನ್‌ಗೆ ಲೆಕ್ಕಕ್ಕಿಲ್ಲದಷ್ಟು ಡಿಎನ್‌ಎ ಕೂಡ ಇಲ್ಲಿ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸಿ ಎಣಿಸುವ ಕ್ಯೂಪಿಸಿಆರ್ ಅನ್ನು ಕೆಡಿಸುತ್ತದೆ. ಡಿಎನ್‌ಎ ಕತ್ತರಿಸುವ ಕಿಣ್ವವಾದ ಡಿಎನ್‌ಏಸ್ ಹಾಕುವುದು, ಆ ನಕಲು ಮಾಡುವ ಕಿಣ್ವವಾದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಟ್ಯೂಬ್ ಒಂದನ್ನು ಓಡಿಸುವುದು, ಎರಡೂ ಕಡ್ಡಾಯ.

ಇಷ್ಟಾದರೂ ಕ್ಯೂಪಿಸಿಆರ್ ಸಂಖ್ಯೆಯನ್ನು ನಂಬಬೇಡಿ. ಪಾಲಿಮರೇಸ್ 2 ಬರೆದ ಉದ್ದನೆಯ ಆರ್‌ಎನ್‌ಎಗಳ ಇಂಟ್ರಾನ್‌ಗಳಲ್ಲೂ (ಆಮೇಲೆ ಕತ್ತರಿಸಿ ತೆಗೆಯುವ ತುಂಡುಗಳಲ್ಲೂ) ಬಿ2 ಸಿಕ್ಕಿಕೊಂಡಿರುತ್ತದೆ, ಕ್ಯೂಪಿಸಿಆರ್‌ನಲ್ಲಿ ಗುರಿಗೆ ಅಂಟುವ ಪ್ರೈಮರ್‌ಗೆ ಭೇದ ತಿಳಿಯದು. ಯೂರಿಯಾ ಹಾಕಿದ ಪಾಲಿಅಕ್ರಿಲಮೈಡ್ ಜೆಲ್‌ನಲ್ಲಿ ಓಡಿಸಿ ನಾರ್ದರ್ನ್ (ಆರ್‌ಎನ್‌ಎಯನ್ನು ಉದ್ದದ ಪ್ರಕಾರ ಬೇರ್ಪಡಿಸಿ, ಅದಕ್ಕೆ ಅಂಟುವ ಪ್ರೋಬ್‌ನಿಂದ ಪತ್ತೆ ಹಚ್ಚುವ ವಿಧಾನ) ಮಾಡಿದರೆ ಬಿಡಿ ಬಿ2 ತನ್ನ 200ರ ಜಾಗದಲ್ಲಿ ಪಟ್ಟಿಯಾಗಿ ನಿಲ್ಲುತ್ತದೆ, ಉಳಿದದ್ದು ಮೇಲೆ ಮಸುಕಾಗಿ ಹರಡುತ್ತದೆ. ಮನುಷ್ಯರಲ್ಲಿನ ಆಲೂ (Alu) ಎಂಬ ಇಂಥದೇ ಪುನರಾವರ್ತಿತ ಡಿಎನ್‌ಎಯ ಆರ್‌ಎನ್‌ಎ ನೋಡುವವರಿಗೆ ತಲೆನೋವು ಇನ್ನೊಂದಿದೆ: ಆಲೂ ಹುಟ್ಟಿದ್ದೇ ಕೋಶದಲ್ಲಿ ಸದಾ ಇರುವ 7ಎಸ್‌ಎಲ್ ಎಂಬ ಆರ್‌ಎನ್‌ಎಯಿಂದ, ಎರಡರ ಉದ್ದವೂ 300ರ ಆಸುಪಾಸು. 7ಎಸ್‌ಎಲ್‌ಗೆ ಅಂಟದ ಪ್ರೋಬ್ ಆರಿಸದಿದ್ದರೆ ಕಂಡದ್ದು ಯಾವುದೆಂದು ಗೊತ್ತಾಗದು.

ಒಂದು ಅಂಕ ಕಳೆದದ್ದು ಕೋಶಗಳು ಕಡಿಮೆಯಿದ್ದಾಗಿನ ವರ್ತನೆಗೆ. ಅಂಥ ಮಾದರಿಯಲ್ಲಿ ಜಿಸಿ (ಗ್ವಾನಿನ್, ಸೈಟೊಸಿನ್) ಅಂಶ ಕಡಿಮೆಯಿರುವ ಕೆಲವು ಮೈಕ್ರೋಆರ್‌ಎನ್‌ಎಗಳು, ಅಂದರೆ ಅತಿ ಚಿಕ್ಕ ಆರ್‌ಎನ್‌ಎಗಳು, ಟ್ರೈಜಾಲ್‌ನಲ್ಲಿ ಹೆಚ್ಚು ನಷ್ಟವಾಗುತ್ತವೆಂದು 2012ರಲ್ಲೇ ತೋರಿಸಲಾಗಿದೆ. ಶಾಖಕ್ಕೆ ಬಿ2 ಹೇಗೆ ಬದಲಾಗುತ್ತದೆಂದು ನೋಡಲು ಶಾಖ ಕೊಟ್ಟ ಕೋಶ, ಕೊಡದ ಕೋಶ ಹೋಲಿಸುವಾಗ ಎರಡರ ಎಣಿಕೆಯನ್ನೂ ಸಮ ಮಾಡಿಕೊಳ್ಳಿ. ಕೋಶ ತೀರಾ ಕಡಿಮೆಯಾದರೆ, ತಿಳಿಗೆ ಒಂದೂವರೆ ಪಟ್ಟು ಶುದ್ಧ ಎಥನಾಲ್ ಬೆರೆಸಿ ಚಿಕ್ಕ ಆರ್‌ಎನ್‌ಎಯನ್ನೂ ಹಿಡಿಯುವ ಕಾಲಮ್ ವಿಧಾನಕ್ಕೆ ಹೋಗುವುದು ಮೇಲು.

ಕೈಗವಸು ಬೇಕೇ ಬೇಕು, ಫೀನಾಲ್ ಚರ್ಮ ಸುಡುತ್ತದೆ. ಚೆಲ್ಲಿದರೆ ಬ್ಲೀಚ್ ಸುರಿಯಬೇಡಿ. ಇದರಲ್ಲಿರುವ ಗ್ವಾನಿಡಿನ್ ಉಪ್ಪಿನ ಜೊತೆ ಅದು ವಿಷಾನಿಲ ಬಿಡುತ್ತದೆ.