ಹೋಮ್‌ಸ್ಕೂಲಿಂಗ್ ದಿನ ಹೇಗಿರಬೇಕು? ವೇಳಾಪಟ್ಟಿ, ಮಕ್ಕಳ ಇಷ್ಟ, ಸರದಿ ಪಟ್ಟಿ: ಮೂರನ್ನೂ ಮಾಡಿ ನೋಡಿದ ಮೇಲೆ

ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಲು ಶುರು ಮಾಡಿದಾಗ ಮಗಳಿಗೆ ಎಂಟು ವರ್ಷ, ಮಗನಿಗೆ ಆರು. ಏನು ಕಲಿಸಬೇಕು ಅನ್ನೋದಕ್ಕೆ ಪುಸ್ತಕಗಳಿದ್ದವು. ಕಷ್ಟವಾಗಿದ್ದು ದಿನವನ್ನು ಹೊಂದಿಸಿಕೊಳ್ಳೋದು. ಬೆಳಗ್ಗೆ ಮೊದಲು ಏನು? ಎಷ್ಟು ಹೊತ್ತು? ಮಗು ಬೇಡ ಅಂದರೆ ಏನು ಮಾಡೋದು?

ಇದಕ್ಕೆ ನಾವು ಮೂರು ದಾರಿ ಹಿಡಿದು ನೋಡಿದ್ದೇವೆ. ಗಂಟೆ ಲೆಕ್ಕದ ವೇಳಾಪಟ್ಟಿ ಏಳು ವಾರ. ಪೂರ್ತಿ ಮಕ್ಕಳ ಇಷ್ಟಕ್ಕೆ ಬಿಟ್ಟಿದ್ದು ಮೂರು ತಿಂಗಳು. ಸರದಿ ಪಟ್ಟಿಗೆ ಈಗ ಎರಡನೇ ವರ್ಷ. ನಮಗೆ ಒಗ್ಗಿದ್ದು ಮೂರನೆಯದು. ಆದರೆ ಅದರಲ್ಲಿ ಏನಿರಬೇಕು, ಏನಿರಬಾರದು ಅಂತ ಗೊತ್ತಾಗಿದ್ದು ಮೊದಲಿನ ಎರಡರಿಂದಲೇ.

ಗಂಟೆ ಲೆಕ್ಕದ ವೇಳಾಪಟ್ಟಿ

ಶಾಲೆಯಲ್ಲಿ ನೋಡಿದ್ದನ್ನೇ ಮನೆಗೆ ತಂದೆವು. ಒಂಬತ್ತರಿಂದ ಒಂದರವರೆಗೆ, 40 ನಿಮಿಷದ ಪೀರಿಯಡ್, ಮಧ್ಯೆ ಸಣ್ಣ ವಿರಾಮ, ಗೋಡೆ ಮೇಲೆ ಚಾರ್ಟು. ಮಗಳಿಗೆ ಇದು ಇಷ್ಟವಾಯಿತು. ಮುಗಿದದ್ದಕ್ಕೆಲ್ಲ ಟಿಕ್ ಹಾಕುವುದೇ ಅವಳಿಗೆ ಖುಷಿ. ನನಗೂ ಸಂಜೆ ಹೊತ್ತಿಗೆ ಏನೇನು ಆಯ್ತು ಅಂತ ಕಣ್ಣಿಗೆ ಕಾಣುತ್ತಿತ್ತು. ಹೊಸದಾಗಿ ಶುರು ಮಾಡಿದವರಿಗೆ ಆ ಧೈರ್ಯ ಬೇಕಾಗುತ್ತದೆ.

ಎರಡನೇ ವಾರಕ್ಕೆ ತೊಂದರೆ ಗೊತ್ತಾಯಿತು. 40 ನಿಮಿಷಕ್ಕೆ ಆಗುವಷ್ಟು ಕೆಲಸವೇ ಇರಲಿಲ್ಲ. ತರಗತಿಯಲ್ಲಿ ಹಾಜರಿ ತಗೋಬೇಕು, ಬೋರ್ಡ್ ಮೇಲೆ ಬರೆಯಬೇಕು, ಎಲ್ಲರೂ ಮುಗಿಸುವವರೆಗೆ ಕಾಯಬೇಕು. ಪಕ್ಕದಲ್ಲೇ ಕೂತು ಒಂದು ಮಗುವಿಗೆ ಹೇಳಿಕೊಡುವಾಗ ಇದ್ಯಾವುದೂ ಇಲ್ಲ. 15 ನಿಮಿಷಕ್ಕೆ ಪಾಠ ಮುಗಿಯುತ್ತಿತ್ತು. ಉಳಿದ 25 ನಿಮಿಷಕ್ಕೆ ನಾನು ಅದೇ ತರಹದ ಇನ್ನಷ್ಟು ಲೆಕ್ಕ ಕೊಡುತ್ತಿದ್ದೆ. ಅಂದರೆ ಬೇಗ ಮುಗಿಸಿದವರಿಗೆ ಜಾಸ್ತಿ ಕೆಲಸ. ಮಗನಿಗೆ ಇದು ನನಗಿಂತ ಮೊದಲೇ ಅರ್ಥವಾಯಿತು. ಅವನು ಬೇಕಂತಲೇ ನಿಧಾನ ಮಾಡತೊಡಗಿದ.

ಒಂದು ಬೆಳಗ್ಗೆ ಮಾತ್ರ ಈಗಲೂ ನೆನಪಾಗುತ್ತದೆ. ವಿರಾಮದಲ್ಲಿ ಅವನು ಹೊರಗೆ ಮಣ್ಣಿನಲ್ಲಿ ಒಂದು ಕಡ್ಡಿ ನೆಟ್ಟು, ನೆರಳಿನ ತುದಿಗೆ ಕಲ್ಲಿಟ್ಟಿದ್ದ. 10.40ಕ್ಕೆ ನಾನು ಭಾಷೆ ಪೀರಿಯಡ್‌ಗೆ ಕರೆದೆ. ‘ಅಮ್ಮಾ, ಬಾ ಇಲ್ಲಿ! ಕಲ್ಲು ಇಲ್ಲೇ ಇದೆ, ನೆರಳು ಹೋಗಿಬಿಟ್ಟಿದೆ’ ಅಂದ. ‘ಆಮೇಲೆ ನೋಡೋಣ, ಒಳಗೆ ಬಾ’ ಅಂದೆ. ಒಂದು ಗಂಟೆಗೆ ಪಾಠ ಮುಗಿಯಿತು. ಕಡ್ಡಿ ಇತ್ತು, ಕಲ್ಲೂ ಇತ್ತು. ಅವನು ಆ ಕಡೆ ತಿರುಗಿಯೂ ನೋಡಲಿಲ್ಲ. ಆ ವಾರ ಚಾರ್ಟು ಇಳಿಸಿದೆ.

ಮಕ್ಕಳ ಇಷ್ಟಕ್ಕೆ ಬಿಟ್ಟಾಗ

ಇದಕ್ಕೆ ಅನ್‌ಸ್ಕೂಲಿಂಗ್ ಅನ್ನುತ್ತಾರೆ. ಅಮೆರಿಕದ ಶಿಕ್ಷಕ ಜಾನ್ ಹೋಲ್ಟ್ 1977ರಲ್ಲಿ ಹೋಮ್‌ಸ್ಕೂಲಿಂಗ್ ಕುಟುಂಬಗಳಿಗಾಗಿ ಒಂದು ಪತ್ರಿಕೆ ಶುರು ಮಾಡಿದರು. ಈ ಪದ ಬಳಕೆಗೆ ಬಂದಿದ್ದು ಅವರಿಂದಲೇ. ಮಕ್ಕಳಿಗೆ ಕಲಿಯುವ ಆಸೆ ಹುಟ್ಟಿನಿಂದಲೇ ಇರುತ್ತದೆ, ದೊಡ್ಡವರು ಅದಕ್ಕೆ ಅಡ್ಡ ಬರಬಾರದು ಅನ್ನೋದು ಅವರ ನಂಬಿಕೆ.

ಮೊದಲ ಮೂರು ವಾರ ‘ಬೋರ್ ಆಗ್ತಿದೆ’ ಅನ್ನುವ ಮಾತು ಬಿಟ್ಟರೆ ಬೇರೇನೂ ಕೇಳಲಿಲ್ಲ. ಯಾರೋ ಹೇಳಿದ ಮೇಲೇ ಮಾಡಿ ಅಭ್ಯಾಸವಾದ ಮಕ್ಕಳಿಗೆ ಆ ಅಭ್ಯಾಸ ಕಳಚಲು ಸಮಯ ಬೇಕು. ನಾನು ಬಾಯಿ ಮುಚ್ಚಿಕೊಂಡು ಕಾದೆ. ನಾಲ್ಕನೇ ವಾರ ಕಡ್ಡಿ ಮತ್ತೆ ಹೊರಗೆ ಬಂತು. ಈ ಸಲ ನೆಟ್ಟವಳು ಮಗಳು. ಕೆಳಗೆ ದೊಡ್ಡ ಹಾಳೆ ಹಾಸಿ, ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಗಂಟೆಗೊಂದು ಗುರುತು ಹಾಕಿದರು. ಸಂಜೆ ಮಗ ಹಾಳೆ ಮುಂದೆ ಕೂತು ಕೇಳಿದ: ‘ನಡುವಿನ ಗುರುತುಗಳು ಯಾಕೆ ಹತ್ತಿರ ಹತ್ತಿರ ಇವೆ? ತುದಿಯವು ಯಾಕೆ ದೂರ ದೂರ?’

ಭೂಮಿ 24 ಗಂಟೆಗೆ ಒಂದು ಸುತ್ತು, ಅಂದರೆ 360 ಡಿಗ್ರಿ ತಿರುಗುತ್ತದೆ. ಗಂಟೆಗೆ 15 ಡಿಗ್ರಿ. ಹಾಗಿದ್ದರೆ ಗುರುತುಗಳೂ ಸಮವಾಗಿ ಬೀಳಬೇಕಲ್ಲ ಅಂತ ಮಗಳ ವಾದ. ನನಗೂ ತಕ್ಷಣ ಹೊಳೆಯಲಿಲ್ಲ. ದೀಪ ಆರಿಸಿ, ಮೇಜಿನ ಮೇಲೆ ಪೆನ್ಸಿಲ್ ನಿಲ್ಲಿಸಿ ಟಾರ್ಚ್ ಹಿಡಿದೆವು. ಟಾರ್ಚ್ ನೆತ್ತಿ ಮೇಲಿದ್ದಾಗ ಸ್ವಲ್ಪ ಸರಿಸಿದರೆ ನೆರಳಿನ ತುದಿಯೂ ಸ್ವಲ್ಪವೇ ಸರಿಯಿತು. ಕೆಳಕ್ಕೆ ಇಳಿಸಿ ಅಷ್ಟೇ ಸರಿಸಿದರೆ ತುದಿ ಮೇಜು ದಾಟಿ ಹೋಯಿತು. ‘ಓ, ನೆರಳು ಉದ್ದ ಇದ್ದಾಗ ಜಾಸ್ತಿ ಓಡುತ್ತೆ!’ ಅಂದ ಮಗ. ಮಾರನೇ ದಿನ ಹತ್ತು ನಿಮಿಷಕ್ಕೊಂದು ಗುರುತು ಹಾಕಿ, ಅತಿ ಚಿಕ್ಕ ನೆರಳು ಗಡಿಯಾರದ ಸರಿಯಾಗಿ ಹನ್ನೆರಡಕ್ಕೆ ಬೀಳಲಿಲ್ಲ ಅಂತಲೂ ಅವರೇ ಕಂಡುಹಿಡಿದರು. ಹೀಗೆ ನಾಲ್ಕು ದಿನ ನಡೆಯಿತು. ಯಾವ ಪೀರಿಯಡ್‌ನಲ್ಲೂ ಇದು ಹಿಡಿಸುತ್ತಿರಲಿಲ್ಲ.

ಇಷ್ಟು ಚೆನ್ನಾಗಿದ್ದರೆ ಯಾಕೆ ಬಿಟ್ಟೆ? ಮೂರನೇ ತಿಂಗಳು ಮಗಳು 96 ಪುಟದ ಒಂದು ಪುಸ್ತಕ ಹಿಡಿದು, ದಿನಕ್ಕೆ 8 ಪುಟ ಓದಿದರೆ ಯಾವಾಗ ಮುಗಿಯುತ್ತದೆ ಅಂತ ಲೆಕ್ಕ ಹಾಕುತ್ತಿದ್ದಳು. 8, 16, 24 ಅಂತ ಬೆರಳು ಮಡಚುತ್ತಾ ಕೂಡಿಸಿದಳು. ಮಧ್ಯೆ ತಪ್ಪಿತು. ಮತ್ತೆ ಮೊದಲಿನಿಂದ ಶುರು. ಮೂರನೇ ಸಲ 12 ಬಂತು. ಭಾಗಾಕಾರ ಅಂತ ಒಂದು ದಾರಿ ಇದೆ ಅನ್ನೋದೇ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಹಾಗಾಗಿ ಕೇಳಿರಲೂ ಇಲ್ಲ. ಮಗು ಕೇಳಲಿ ಅಂತ ನಾನು ಕಾಯುತ್ತಿದ್ದೆ. ಇದೆ ಅಂತಲೇ ಗೊತ್ತಿಲ್ಲದ್ದನ್ನು ಮಗು ಹೇಗೆ ಕೇಳುತ್ತೆ? ಹೋಲ್ಟ್ ಕೂಡ ಮಕ್ಕಳನ್ನು ಸುಮ್ನೆ ಬಿಟ್ಟುಬಿಡಿ ಅನ್ನಲಿಲ್ಲ. ದೊಡ್ಡವರು ತಮ್ಮ ಲೋಕವನ್ನು ಮಕ್ಕಳ ಮುಂದೆ ತೆರೆದಿಡಬೇಕು ಅಂದವರು ಅವರು. ಆ ಭಾಗ ನನ್ನಿಂದ ಆಗಿರಲಿಲ್ಲ.

ಸರದಿ ಪಟ್ಟಿ

ಈಗ ನಮ್ಮ ಬೆಳಗ್ಗೆ ಎರಡು ಭಾಗ. ಮೊದಲು ದಿನವೂ ತಪ್ಪದ ಎರಡು ಪಾಠ: ಓದು ಮತ್ತು ಗಣಿತ. ಒಂದೊಂದೂ 20 ನಿಮಿಷ ದಾಟುವುದಿಲ್ಲ. ಎಂಟು ವರ್ಷದೊಳಗಿನ ಮಕ್ಕಳಿಗೆ ಪಾಠ 20 ನಿಮಿಷ ಮೀರಬಾರದು ಅಂತ ಇಂಗ್ಲೆಂಡಿನ ಶಿಕ್ಷಣತಜ್ಞೆ ಶಾರ್ಲಟ್ ಮೇಸನ್ (1842–1923) ಹೇಳಿದ್ದರು. ಇನ್ನೂ ಇದೆ ಅನ್ನುವಾಗಲೇ ನಿಲ್ಲಿಸಿದರೆ ಮಾರನೇ ದಿನ ಜಗಳವಿಲ್ಲದೆ ಕೂರುತ್ತಾರೆ. 1/3ಕ್ಕಿಂತ 1/4 ದೊಡ್ಡದು, ‘ನಾಲ್ಕು ದೊಡ್ಡದು ಅಲ್ವಾ’ ಅಂತ ಮಗ ಹಟ ಹಿಡಿದಿದ್ದ. ಒಂದೇ ಅಳತೆಯ ಎರಡು ಕಾಗದದ ಪಟ್ಟಿ ಕೊಟ್ಟು, ಒಂದನ್ನು ಮೂರು ಸಮಭಾಗ, ಇನ್ನೊಂದನ್ನು ನಾಲ್ಕು ಮಾಡಲು ಹೇಳಿದೆ. ಮಡಿಚಿ ಪಕ್ಕಪಕ್ಕ ಇಟ್ಟು ನೋಡಿದ. ಏನೂ ಮಾತಾಡದೆ 1/3ರ ಪಕ್ಕ ‘ದೊಡ್ಡದು’ ಅಂತ ಬರೆದ. ಹತ್ತೇ ನಿಮಿಷ. ಅಲ್ಲಿಗೇ ನಿಲ್ಲಿಸಿದೆವು.

ಓದಿನಲ್ಲೂ ಮೇಸನ್ ಅವರ ಒಂದು ವಿಧಾನ ಹಿಡಿದಿದ್ದೇವೆ. ಒಂದು ಭಾಗವನ್ನು ಒಂದೇ ಸಲ ಓದೋದು, ಆಮೇಲೆ ಮಗು ತನ್ನ ಮಾತಿನಲ್ಲಿ ಹೇಳೋದು. ವೇಳಾಪಟ್ಟಿ ಕಾಲದಲ್ಲಿ ಪ್ರಶ್ನೋತ್ತರ ಬರೆಸುತ್ತಿದ್ದೆ. ಆಗ ಮಕ್ಕಳು ಪಾಠದಲ್ಲಿ ಉತ್ತರದ ಸಾಲು ಹುಡುಕುತ್ತಿದ್ದರು. ಈಗ ಇಡೀ ಕತೆ ತಲೆಯಲ್ಲಿ ಕೂರುತ್ತದೆ.

ಉಳಿದ ವಿಷಯಗಳೆಲ್ಲ ಸರದಿಯಲ್ಲಿ: ಇತಿಹಾಸ, ವಿಜ್ಞಾನ, ಚಿತ್ರ, ಭೂಗೋಳ, ಹಾಡು, ಕೈಕೆಲಸ. ಯಾವುದಕ್ಕೂ ವಾರ ಇಲ್ಲ, ಗಂಟೆ ಇಲ್ಲ. ಇವತ್ತು ಎಲ್ಲಿಗೆ ನಿಂತಿತೋ ನಾಳೆ ಅಲ್ಲಿಂದ ಮುಂದೆ. ಒಬ್ಬರಿಗೆ ಜ್ವರ ಬಂದರೂ ಯಾವುದೂ ಹಿಂದೆ ಬೀಳುವುದಿಲ್ಲ. ಒಂದೇ ವಿಷಯ ಇಡೀ ಬೆಳಗ್ಗೆ ನುಂಗಿದರೂ ಚಿಂತೆಯಿಲ್ಲ. ಮಾಂಟೆಸ್ಸೊರಿ ಶಾಲೆಗಳಲ್ಲಿ ಮೂರು ಗಂಟೆ ಅಡ್ಡಿಯಿಲ್ಲದ ಕೆಲಸದ ಹೊತ್ತು ಇಡುವುದೂ ಇದೇ ಕಾರಣಕ್ಕೆ ಅಂತ ಈಗ ಅರ್ಥವಾಗುತ್ತದೆ.

ತಯಾರಿಯ ವಿಷಯದಲ್ಲಿ ವೇಳಾಪಟ್ಟಿಯೇ ಭಾರ. ಇಷ್ಟಕ್ಕೆ ಬಿಟ್ಟಾಗ ತಯಾರಿ ಕಡಿಮೆ, ಆದರೆ ದಿನವಿಡೀ ಕಣ್ಣು ಕಿವಿ ತೆರೆದಿರಬೇಕು. ಸಂಜೆಗೆ ನಾನು ಜಾಸ್ತಿ ದಣಿಯುತ್ತಿದ್ದುದು ಆಗಲೇ.

ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ, ಅಥವಾ ಮಗು ಪರೀಕ್ಷೆಗೆ ಕೂರುವ ವರ್ಷ, ವೇಳಾಪಟ್ಟಿ ಬೇಕಾಗಬಹುದು. ಹಾಗಿದ್ದರೂ ಪೀರಿಯಡ್ 20 ನಿಮಿಷಕ್ಕೆ ಇಳಿಸಿ. ಈಗಷ್ಟೇ ಶಾಲೆ ಬಿಡಿಸಿದ್ದರೆ ಮೊದಲ ತಿಂಗಳು ಎರಡನೇ ದಾರಿಯೇ ಸರಿ. ನಾನು ಆ ಕ್ರಮ ತಿರುವುಮುರುವು ಮಾಡಿದ್ದೆ. ಮಗನ ಆ ಏಳು ವಾರಗಳ ಬಗ್ಗೆ ನನಗೆ ಈಗಲೂ ಬೇಜಾರಿದೆ.

ನಮ್ಮ ಪಟ್ಟಿ ಒಂದು ಉದ್ದನೆಯ ರಟ್ಟು, ಅದಕ್ಕೊಂದು ಬಟ್ಟೆ ಕ್ಲಿಪ್. ಮುಗಿದ ಮೇಲೆ ಕ್ಲಿಪ್ ಸರಿಸುವುದು ಮಕ್ಕಳ ಕೆಲಸ. ಆರು ದಿನದಿಂದ ಅದು ಭೂಗೋಳದ ಮೇಲೇ ಇದೆ. ಹೊರಗೆ ಕಡ್ಡಿ ಮತ್ತೆ ನೆಟ್ಟಿದ್ದಾರೆ. ಈ ಸಲ ವರ್ಷವಿಡೀ, ಪ್ರತಿ ತಿಂಗಳ ಮೊದಲ ದಿನದ ನೆರಳು ಅಳೆಯುತ್ತಾರಂತೆ.